ಕೋಡಿ ಹರಿಯುವ ಮುನ್ನ: ಕೆರೆಯ ಕೆಳಗಿನ ಮನೆಯವರು ಸಾಮಾನು ಉಳಿಸಿಕೊಳ್ಳುವ ಬಗೆ

2021ರ ನವೆಂಬರ್ 19ರ ಬೆಳಗಿನ ಜಾವ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿತು. ಟಿವಿಯಲ್ಲಿ ಎರಡು ದಿನದಿಂದ ಅದೇ ಸುದ್ದಿ. ಅದು ಕಡಲ ಕರೆಯವರ ಪಾಡು, ಚಿಂತಾಮಣಿ ಕಡೆಯ ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಮಲಗಿದ್ದೆವು. ಕೆರೆ ತುಂಬಿ, ಹೆಚ್ಚಾದ ನೀರು ಹೊರಹೋಗುವ ದಾರಿಯಲ್ಲಿ ಹರಿಯಿತು, ಅಂದರೆ ಕೋಡಿ ಬಿತ್ತೆಂದು ಗೊತ್ತಾದಾಗ ಊರಿಗೆ ಊರೇ ಅರಿಶಿನ ಕುಂಕುಮ ಹಿಡಿದು ಏರಿಯ ಮೇಲೆ ನಿಂತಿತ್ತು. ನಾನೂ ಅಲ್ಲಿದ್ದೆ. ಎಷ್ಟೋ ವರ್ಷ ಬಿರುಕು ಬಿಟ್ಟ ಕೆರೆ ಅಂಗಳವನ್ನೇ ನೋಡಿದ್ದ ಕಣ್ಣಿಗೆ ಅದು ಹಬ್ಬ. ಅದೇ ರಾತ್ರಿ ಕೋಡಿ ನೀರು ಕಾಲುವೆ ಮೀರಿ ಕೆಳಗಿನ ಬೀದಿಗೆ ನುಗ್ಗಿತು.

ನಮ್ಮ ಮನೆಯೊಳಗೆ ಬಂದದ್ದು ಮೊಣಕಾಲೆತ್ತರದ ನೀರು. ಬೆಳಗಾಗುವಷ್ಟರಲ್ಲಿ ಇಳಿದೂ ಹೋಯಿತು. ಆದರೆ ಅಮ್ಮ ವರ್ಷಕ್ಕೆಂದು ಕೂಡಿಟ್ಟ ರಾಗಿ ಮೂಟೆಗಳು ನೆಲದ ಮೇಲಿದ್ದವು. ಬೀರುವಿನ ಕೆಳಖಾನೆಯಲ್ಲಿ ನಮ್ಮ ಅಂಕಪಟ್ಟಿಗಳು, ಅಪ್ಪನ ಮದುವೆಯ ಫೋಟೊಗಳು. ಫ್ರಿಜ್ಜಿನ ಮೋಟಾರು ಅದರ ಬುಡದಲ್ಲೇ ಇರುತ್ತದೆ. ಹೋದದ್ದೆಲ್ಲ ಮನೆಯ ಕೆಳಗಿನ ಎರಡಡಿಯಲ್ಲಿದ್ದ ವಸ್ತು. ಅದಕ್ಕಿಂತ ಮೇಲಿದ್ದ ಒಂದು ಲೋಟವೂ ಹಾಳಾಗಲಿಲ್ಲ.

ಈ ಲೇಖನದ ಬುಡ ಅದೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮನೆಗೆ ನುಗ್ಗುವ ನೀರು ಎರಡು ಬಗೆ. ಒಂದು ಕೋಡಿ ನೀರು, ಕಾಲುವೆ ಉಕ್ಕಿ ಬರುವ ನೀರು. ಇದು ಹೆಚ್ಚಾಗಿ ಮೊಣಕಾಲಿನಿಂದ ಸೊಂಟದವರೆಗೆ ಬಂದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮುಂಚೆಯೇ ಸಾಮಾನನ್ನು ಮೂರಡಿ ಮೇಲೆತ್ತಿದವರು ಬಹುಪಾಲನ್ನು ಉಳಿಸಿಕೊಳ್ಳುತ್ತಾರೆ. ಇನ್ನೊಂದು ಏರಿ ಒಡೆದು ಬರುವ ನೀರು. ಅದರ ಮುಂದೆ ಸಾಮಾನಿನ ಮಾತೇ ಇಲ್ಲ, ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಎತ್ತರಕ್ಕೆ ಹೋಗಬೇಕು. ಬರುತ್ತಿರುವುದು ಯಾವುದೆಂದು ತಿಳಿಯುವುದೇ ದೊಡ್ಡ ಕೆಲಸ.

ನಿಮ್ಮ ಮನೆ ಯಾವ ನೀರಿನ ದಾರಿಯಲ್ಲಿದೆ

ಇದನ್ನು ಬಿಸಿಲಿರುವಾಗಲೇ ಮಾಡಿ. ಕೆರೆ ಏರಿಯ ಮೇಲೆ ನಿಂತು ಕೋಡಿ ಎಲ್ಲಿದೆ, ಅದರ ನೀರು ಯಾವ ಹಳ್ಳ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ ನೋಡಿ. ನಮ್ಮ ಸೀಮೆಯಲ್ಲಿ ಕೆರೆಗಳು ಸರದ ಮಣಿಗಳಂತೆ ಒಂದರ ಕೆಳಗೊಂದು ಕೂತಿವೆ. ಮೇಲಿನದು ತುಂಬಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಮತ್ತೊಂದಕ್ಕೆ. ಹಾಗಾಗಿ ನಿಮ್ಮೂರ ಕೆರೆಯೊಂದನ್ನೇ ನೋಡಿದರೆ ಸಾಲದು. ಮೇಲಿನ ಎರಡು ಮೂರು ಕೆರೆಗಳ ಹೆಸರು ಬರೆದಿಟ್ಟುಕೊಂಡು, ಆ ಊರುಗಳಲ್ಲಿ ಒಬ್ಬೊಬ್ಬ ಪರಿಚಿತರ ಫೋನ್ ನಂಬರನ್ನು ಜೊತೆಗಿಡಿ. ಮೇಲಿನ ಕೆರೆ ಕೋಡಿ ಬಿದ್ದ ಸುದ್ದಿ ನಿಮಗೆ ಸಿಗಬಹುದಾದ ಅತ್ಯುತ್ತಮ ಮುನ್ನೆಚ್ಚರಿಕೆ.

ಊರಿನ ಹಿರಿಯರನ್ನು, ಕೆರೆಯ ನೀರು ಬಿಡುವ ನೀರಗಂಟಿ ಮನೆತನದವರಿದ್ದರೆ ಅವರನ್ನು ಕೇಳಿ: ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು? 2021ರಲ್ಲಿ ನೀರು ನಿಂತ ಗುರುತು ಕೆಲವು ಗೋಡೆಗಳ ಮೇಲೆ ಈಗಲೂ ಇದೆ. ಆ ಗುರುತಿಗೆ ಒಂದಡಿ ಸೇರಿಸಿ ನಿಮ್ಮ ಮನೆಯೊಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ನಷ್ಟವಾದರೆ ಅಳುವಂಥ ಯಾವ ವಸ್ತುವೂ ಮಳೆಗಾಲದಲ್ಲಿ ಇರಬಾರದು.

ಪಟ್ಟಣದ ಹೊಸ ಬಡಾವಣೆಯವರು ಇನ್ನೊಂದು ಮಾತು ಕೇಳಿ ತಿಳಿಯಬೇಕು: ಈ ಜಾಗ ಮೊದಲು ಏನಾಗಿತ್ತು? ಗದ್ದೆಬಯಲೋ, ಕೆರೆ ಅಂಗಳವೋ, ರಾಜಕಾಲುವೆಯ ಪಕ್ಕವೋ ಆಗಿದ್ದರೆ ನೀರಿಗೆ ತನ್ನ ಹಳೆಯ ದಾರಿ ನೆನಪಿರುತ್ತದೆ.

ಇನ್ನೊಂದು ಬದಲಾವಣೆಯೂ ಇದೆ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ, ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿದೆ. ತುಮಕೂರು ಕಡೆ ಹೇಮಾವತಿ ನಾಲೆ ಇದೆ. ಮೊದಲಾದರೆ ಹಿಂಗಾರಿನ ಮೊದಲ ದೊಡ್ಡ ಮಳೆಯನ್ನು ಒಣಗಿದ ಕೆರೆ ನುಂಗಿಕೊಳ್ಳುತ್ತಿತ್ತು. ಈಗ ಹಲವು ಕೆರೆಗಳಲ್ಲಿ ಮಳೆಗೆ ಮುಂಚೆಯೇ ನೀರಿರುತ್ತದೆ, ಕೋಡಿ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅಪ್ಪನ ಕಾಲದ ಲೆಕ್ಕ ಹಿಡಿದು ಕೂರಬೇಡಿ.

ಬಣ್ಣದ ಎಚ್ಚರಿಕೆಯನ್ನು ಓದುವುದು

ಹವಾಮಾನ ಇಲಾಖೆ ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕೆಲಸಕ್ಕೆ ಇಳಿಯಿರಿ ಎಂದರ್ಥ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮಿಲಿಮೀಟರ್‌ನಿಂದ ಮೇಲೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಕೋಲಾರದ ಕಡೆ ವರ್ಷವಿಡೀ ಬೀಳುವುದೇ 700 ಮಿಲಿಮೀಟರ್ ಆಸುಪಾಸು. ಅತಿ ಭಾರಿ ಅನ್ನುವಲ್ಲಿ ವರ್ಷದ ಮಳೆಯ ಆರರಲ್ಲೊಂದು ಪಾಲು ಒಂದೇ ದಿನದಲ್ಲಿ ಸುರಿಯುತ್ತದೆ.

ಹಸ್ತ, ಚಿತ್ತ, ಸ್ವಾತಿ, ವಿಶಾಖ ಮಳೆಗಳ ಕಾಲದಲ್ಲಿ ಚೆನ್ನೈ, ನೆಲ್ಲೂರು ಕರಾವಳಿಯ ಸುದ್ದಿಯನ್ನು ನಮ್ಮದೇ ಸುದ್ದಿಯಂತೆ ನೋಡಿ. ಅಲ್ಲಿ ದಡ ದಾಟಿದ ಮೋಡ ಮರುದಿನ ಮುಳಬಾಗಿಲು, ಬಂಗಾರಪೇಟೆ, ಚಿಂತಾಮಣಿ ಮೇಲಿರುತ್ತದೆ. ನಿಮ್ಮ ಹೋಬಳಿಯ ಮಳೆ ಮುನ್ಸೂಚನೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಕೇಳಬಹುದು. ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077, ತುರ್ತಿಗೆ 112, ಕರೆಂಟಿನ ಕಂಪನಿ ಬೆಸ್ಕಾಂ 1912. ಇವನ್ನು ಗೋಡೆಯ ಮೇಲೆ ಬರೆಯಿರಿ, ಯಾಕೆಂದರೆ ಫೋನ್ ಒಳಗಿರುವ ನಂಬರು ಚಾರ್ಜ್ ಮುಗಿದ ಮೇಲೆ ಯಾರಿಗೂ ಸಿಗುವುದಿಲ್ಲ.

ಮೊದಲು ಕಾಗದಪತ್ರ

ಕಿತ್ತಳೆ ಎಚ್ಚರಿಕೆ ಬಂದ ಕೂಡಲೇ ಕೈ ಹಾಕಬೇಕಾದ ಕೆಲಸ ಇದು, ಅರ್ಧ ಗಂಟೆ ಸಾಕು. ಆಧಾರ್, ರೇಷನ್ ಕಾರ್ಡ್, ಪಹಣಿ, ಖಾತೆ, ಕ್ರಯಪತ್ರ, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ, ವಿಮೆ ಪಾಲಿಸಿ, ಗಾಡಿಯ ಆರ್‌ಸಿ, ದನಗಳ ಕಿವಿಯೋಲೆಯ ನಂಬರ್ ಬರೆದ ಚೀಟಿ, ದಿನಾ ನುಂಗುವ ಮಾತ್ರೆಗಳ ಚೀಟಿ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಮಡಚಿ, ಅದನ್ನು ಇನ್ನೊಂದು ಕವರಿನಲ್ಲಿ ಬೋರಲಾಗಿ ಹಾಕಿ ಕಟ್ಟಿ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು. ಫೋಟೊ ತೆಗೆದು ಬೇರೆ ಊರಿನಲ್ಲಿರುವ ಅಣ್ಣನಿಗೋ ಮಗಳಿಗೋ ಕಳಿಸಿ, ಡಿಜಿಲಾಕರ್‌ನಲ್ಲಿ ಸಿಗುವುದನ್ನು ಅಲ್ಲೂ ಇಡಿ. ಒಡವೆ, ಸ್ವಲ್ಪ ನಗದು, ಟಾರ್ಚ್ ಇದೇ ಚೀಲಕ್ಕೆ. ಚೀಲ ಬಾಗಿಲ ಹತ್ತಿರದ ಮೊಳೆಗೆ ನೇತು ಹಾಕಿರಲಿ. ಮನೆಯಲ್ಲಿ ಯಾರು ಹೊರಟರೂ ಕೈ ಅದರ ಮೇಲೆ ಬೀಳಬೇಕು.

ಹಾಗೇ ಮನೆಯ ಒಂದೊಂದು ಕೋಣೆಯನ್ನೂ, ಟಿವಿ, ಮೋಟಾರು, ಗಾಡಿಯನ್ನೂ ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ಹಾನಿಯಾದ ಮೇಲೆ ಮೊದಲು ಹೇಗಿತ್ತು ಎಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.

ಮೇಲೆತ್ತುವ ಕೆಲಸ

ಎತ್ತುವುದಕ್ಕೂ ಒಂದು ಕ್ರಮ ಬೇಕು. ಗಾಬರಿಯಲ್ಲಿ ಎಲ್ಲರೂ ಟಿವಿಗೆ ಕೈ ಹಾಕುತ್ತಾರೆ, ಅದು ಹೇಗೂ ಗೋಡೆಯ ಮೇಲಿರುತ್ತದೆ. ಮೊದಲು ಕಾಳು. ರಾಗಿ, ಅಕ್ಕಿ, ಅವರೆ, ಹುರುಳಿಯನ್ನು ಅಟ್ಟಕ್ಕೆ ಏರಿಸಿ. ಅಟ್ಟ ಇಲ್ಲದಿದ್ದರೆ ಎರಡು ಸಾಲು ಸಿಮೆಂಟ್ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಕಿ, ಮೂಟೆಗಳನ್ನು ಅದರ ಮೇಲೆ ಪೇರಿಸಿ. ಮಂಚದ ನಾಲ್ಕೂ ಕಾಲಿನ ಕೆಳಗೆ ಕಲ್ಲು ಕೊಟ್ಟರೆ ಅದೇ ಒಂದು ಅಟ್ಟಣೆ. ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ಇಟ್ಟವರು ಈಗಲೂ ಅಲ್ಲಲ್ಲಿ ಇದ್ದಾರೆ. ಬರಗಾಲಕ್ಕೆ ಅದರಷ್ಟು ಒಳ್ಳೆಯ ಕಣಜವಿಲ್ಲ, ಆದರೆ ಕೆರೆ ತುಂಬಿದ ವರ್ಷ ನೆಲದೊಳಗಿನಿಂದಲೇ ಜೌಗು ಬರುತ್ತದೆ. ಕೆರೆ ಅರ್ಧ ದಾಟುತ್ತಿದ್ದಂತೆ ರಾಗಿಯನ್ನು ಮೇಲೆ ತೆಗೆಯುವುದು ಕ್ಷೇಮ.

ಆಮೇಲೆ ಔಷಧಿ, ಗೊಬ್ಬರ. ಕೀಟನಾಶಕದ ಬಾಟಲಿಗಳನ್ನೂ ಬ್ಲೀಚಿಂಗ್ ಪೌಡರನ್ನೂ ಎಲ್ಲಕ್ಕಿಂತ ಎತ್ತರದಲ್ಲಿಡಿ. ಅವು ನೀರಿಗೆ ಬಿದ್ದರೆ ನಿಮ್ಮ ಮನೆಯ ನಷ್ಟ ಬೀದಿಯ ವಿಷವಾಗುತ್ತದೆ. ಮೂರನೆಯದಾಗಿ ಫ್ರಿಜ್, ವಾಷಿಂಗ್ ಮೆಷಿನ್, ಗ್ರೈಂಡರ್, ಹೊಲಿಗೆ ಯಂತ್ರ. ಪ್ಲಗ್ ಕಿತ್ತು ಕಲ್ಲು ಬೆಂಚಿನ ಮೇಲೇರಿಸಿ. ಯುಪಿಎಸ್ ಬ್ಯಾಟರಿಯ ವೈರು ಬಿಚ್ಚಿ ಮೇಲಿಡಿ. ಬೀರುವನ್ನು ಎತ್ತಲಾಗದು, ಕೆಳಗಿನ ಎರಡು ಖಾನೆಯ ಬಟ್ಟೆಯನ್ನು ಮೇಲಕ್ಕೆ ತುರುಕಿದರೆ ಸಾಕು.

ಗ್ಯಾಸ್ ಸಿಲಿಂಡರ್ ಮಾತು ಬೇರೆಯೇ. ಖಾಲಿಯದಂತೂ ಸರಿ, ತುಂಬಿದ ಮನೆ ಸಿಲಿಂಡರ್ ಕೂಡ ನೀರಿನಲ್ಲಿ ತೇಲುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಿಚ್ಚಿ, ಪ್ಲಾಸ್ಟಿಕ್ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಿಟಕಿ ಸರಳಿಗೆ ಹಗ್ಗ ಕಟ್ಟಿ.

ಬಾಗಿಲಿಗೆ ಮರಳು ಮೂಟೆ ಇಡುವವರು ಚೀಲವನ್ನು ಗಂಟಲವರೆಗೆ ತುಂಬಬೇಡಿ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಬಾಯಿಯನ್ನು ಕೆಳಗೆ ಮಡಚಿ, ಇಟ್ಟಿಗೆ ಕಟ್ಟುವಂತೆ ಒಂದರ ಸಂದಿಯ ಮೇಲೆ ಇನ್ನೊಂದು ಬರುವ ಹಾಗೆ ಪೇರಿಸಿ ತುಳಿಯಿರಿ. ಹೊರಗಡೆಗೆ ಟಾರ್ಪಾಲು ಹೊದಿಸಿ. ಪಟ್ಟಣದ ಮನೆಗಳಲ್ಲಿ ನೀರು ಬಾಗಿಲಿಗಿಂತ ಮುಂಚೆ ಕಕ್ಕಸಿನ ಗುಂಡಿಯಿಂದ, ಬಚ್ಚಲ ತೂತಿನಿಂದ ಮೇಲೇಳುತ್ತದೆ. ಒಂದೊಂದು ಮರಳು ಚೀಲ ಅಲ್ಲಿಗೂ ಬೇಕು. ಸಂಪಿನ ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ. ಬೋರ್‌ವೆಲ್ ಕೇಸಿಂಗ್ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿ.

ಆದರೆ ಗೋಡೆ ಮಣ್ಣಿನದಾದರೆ, ಅಥವಾ ಮಣ್ಣಿನ ಗಾರೆಯಲ್ಲಿ ಕಲ್ಲು ಕಟ್ಟಿ ಮೇಲೆ ಚಪ್ಪಡಿ ಹಾಸಿದ ಹಳೆಯ ಮನೆಯಾದರೆ ಈ ಮೂಟೆಗಳ ಭರವಸೆಯಲ್ಲಿ ಒಳಗೆ ಕೂರಬೇಡಿ. ಆ ಗೋಡೆ ಬುಡದಲ್ಲಿ ನೆನೆದರೆ ಚಪ್ಪಡಿಯ ಭಾರ ತಾಳುವುದಿಲ್ಲ. ಎಷ್ಟೋ ಬಾರಿ ಕುಸಿತ ಆಗುವುದು ಮಳೆ ನಿಂತ ಮೇಲೆ, ಎರಡು ಮೂರು ದಿನ ಬಿಟ್ಟು, ಎಲ್ಲರೂ ಮಲಗಿರುವಾಗ. ನಮ್ಮ ಕಡೆ ಮಳೆಗಾಲದ ಸಾವುಗಳಲ್ಲಿ ಗೋಡೆ ಬಿದ್ದ ಸುದ್ದಿ ಎಷ್ಟು ಸಲ ಓದಿದ್ದೇವೆ, ನೆನಪು ಮಾಡಿಕೊಳ್ಳಿ. ಅಂಥ ಮನೆಯವರು ಕಿತ್ತಳೆ ಎಚ್ಚರಿಕೆಗೇ ಶಾಲೆಗೋ ನೆಂಟರ ಮನೆಗೋ ಹೋಗಿ ಮಲಗಬೇಕು.

ಹೊಲ, ಹುಳು, ದನ

ರಾಗಿ ಕೊಯ್ಲಿನ ಹೊತ್ತಿಗೇ ಈ ಮಳೆ ಬರುವುದು. ಎಚ್ಚರಿಕೆ ಬಂದ ಮೇಲೆ ಕೊಯ್ಯಬೇಡಿ, ನಿಂತ ಪೈರು ಬಿದ್ದ ಪೈರಿಗಿಂತ ಮಳೆ ತಡೆಯುತ್ತದೆ. ಕೊಯ್ದು ಹರವಿದ್ದನ್ನು ಮಾತ್ರ ಆ ದಿನವೇ ಹೊರೆ ಕಟ್ಟಿ ದಿಣ್ಣೆಗೆ ಸಾಗಿಸಿ, ಕೆಳಗೆ ಕಲ್ಲು, ಕಡ್ಡಿ ಹಾಕಿ, ತೆನೆ ಒಳಮುಖವಾಗಿ ಮೆದೆ ಒಟ್ಟಿ ಮೇಲೆ ಟಾರ್ಪಾಲು ಬಿಗಿಯಿರಿ. 2021ರಲ್ಲಿ ಹೊಲದಲ್ಲೇ ಬಿಟ್ಟ ತೆನೆಗಳು ಮೊಳಕೆ ಒಡೆದು ಹಸಿರಾದದ್ದನ್ನು ಕಂಡವರಿಗೆ ಇದನ್ನು ಒತ್ತಿ ಹೇಳಬೇಕಿಲ್ಲ. ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಕರೆಂಟ್ ತೆಗೆಸಿ ಬಿಚ್ಚಿ ಮನೆಗೆ ತನ್ನಿ. ನೀರೊಳಗಿನ ಮೋಟಾರಿಗೆ ನೀರಿನ ಭಯವಿಲ್ಲ, ಈ ಪೆಟ್ಟಿಗೆಗೆ ಇದೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮನೆಯವರಿಗೆ ಕಷ್ಟ ಹೆಚ್ಚು. ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತು) ಮುಗಿಸಿ ಎದ್ದ ಹುಳುವಿಗೆ ಸೊಪ್ಪು ತಪ್ಪಿಸುವಂತಿಲ್ಲ, ನೆಂದ ಸೊಪ್ಪು ಹಾಕುವಂತೆಯೂ ಇಲ್ಲ. ಮಳೆಗೆ ಮುಂಚೆ ಒಂದು ದಿನಕ್ಕಾಗುವ ಸೊಪ್ಪು ಕೊಯ್ದು ಒದ್ದೆ ಗೋಣಿಯ ಕೆಳಗೆ ಇಟ್ಟುಕೊಳ್ಳಿ. ಕೆಳಗಿನ ಅಂಕಣದ ಹುಳುವನ್ನು ಮೇಲಿನ ಅಂಕಣಗಳಿಗೆ ಹಂಚಿ. ಥಂಡಿ ಹೆಚ್ಚಾದರೆ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಟ್ಟ ತಟ್ಟಿಗಳನ್ನು, ಅಂದರೆ ಚಂದ್ರಿಕೆಗಳನ್ನು, ಗೋಡೆಗೆ ಒರಗಿಸದೆ ಮೇಲೆ ತೂಗು ಹಾಕಿ.

ದನಕರುಗಳನ್ನು ಹಗಲಲ್ಲೇ ದಿಣ್ಣೆಗೆ ಹೊಡೆಯಿರಿ, ಜೊತೆಗೆ ಎರಡು ದಿನದ ಹುಲ್ಲು, ಹಿಂಡಿ. ಸಾಗಿಸಲು ಆಗದೆ ಹೋದರೆ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೊರಡಿ. ಬಿಟ್ಟ ದನ ಎತ್ತರ ಹುಡುಕಿಕೊಳ್ಳುತ್ತದೆ, ಗೂಟಕ್ಕೆ ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ. ಪಶು ಚಿಕಿತ್ಸೆಗೆ 1962.

ಏರಿ ಏನು ಹೇಳುತ್ತಿದೆ

ಏರಿಯ ಹೊರಮೈ ಬುಡದಲ್ಲಿ ತಿಳಿನೀರು ಜಿನುಗುವುದು ಹಳೆಯ ಕೆರೆಗಳಲ್ಲಿ ಮಾಮೂಲು. ಆ ಜಿನುಗು ಕೆಂಪಗಾದರೆ, ಮಣ್ಣು ಕಲಸಿಕೊಂಡು ಬಂದರೆ ಏರಿಯ ಒಳಗೆ ಕೊರೆತ ಶುರುವಾಗಿದೆ ಎಂದರ್ಥ. ಏರಿಯ ಮೇಲೆ ಉದ್ದುದ್ದ ಬಿರುಕು, ಒಂದು ಕಡೆ ಮಣ್ಣು ಕುಸಿದಿರುವುದು, ಗದ್ದೆಗೆ ನೀರು ಬಿಡುವ ತೂಬಿನ ಸುತ್ತ ನೀರು ಸುಳಿ ತಿರುಗುವುದು, ನೀರು ಏರಿಯ ನೆತ್ತಿಗೆ ಒಂದೆರಡು ಅಡಿ ಹತ್ತಿರವಾಗಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ 1077 ಮತ್ತು 112ಕ್ಕೆ ಫೋನ್ ಮಾಡಿ, ದೇವಸ್ಥಾನದ ಮೈಕಿನಲ್ಲಿ ಕೂಗಿಸಿ, ಕೆಳಗಿನ ಊರಿಗೂ ತಿಳಿಸಿ. ಅಷ್ಟಾದ ಮೇಲೆ ಮನೆಗೆ ವಾಪಸ್ ಓಡಿ ಮೂಟೆ ಎತ್ತಲು ನಿಲ್ಲಬೇಡಿ. ಚೀಲ ಹೆಗಲಿಗೆ ಹಾಕಿ, ಎಲ್ಲರನ್ನೂ ಕರೆದುಕೊಂಡು, ಹಳ್ಳದ ಉದ್ದಕ್ಕೆ ಹೋಗದೆ ಅದಕ್ಕೆ ಅಡ್ಡವಾಗಿ ದಿಣ್ಣೆಯ ಕಡೆ ನಡೆಯಿರಿ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುತ್ತೇನೆ. ಒಂದಡಿ ನೀರು ಹೆಚ್ಚು ನಿಲ್ಲಲಿ ಎಂಬ ಆಸೆಗೆ ಕೋಡಿಯ ಮೇಲೆ ಮರಳು ಮೂಟೆ, ಕಲ್ಲು ಪೇರಿಸುವವರಿದ್ದಾರೆ. ಮೀನು ತಪ್ಪಿಸಿಕೊಳ್ಳಬಾರದೆಂದು ಬಲೆ ಕಟ್ಟುವವರಿದ್ದಾರೆ, ಆ ಬಲೆಗೆ ಕಸ ಕಡ್ಡಿ ಸಿಕ್ಕಿ ಅದೇ ಗೋಡೆಯಾಗುತ್ತದೆ. ನೀರು ಕಂಡ ಖುಷಿ ನನಗೂ ಗೊತ್ತು, ಸಾವಿರ ಅಡಿ ಕೊರೆಸಿ ನೀರು ಸಿಗದ ಮನೆ ನಮ್ಮದೂ ಹೌದು. ಆದರೆ ಕೋಡಿ ಕೆರೆಯ ಉಸಿರು. ಅದನ್ನು ಕಟ್ಟಿದರೆ ನೀರು ಏರಿಯನ್ನೇ ಹತ್ತಿ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಹಿಂಗಾರಿಗೆ ಮುಂಚೆ ಊರವರು ಪಂಚಾಯಿತಿಗೆ ಅರ್ಜಿ ಕೊಟ್ಟು ಕೋಡಿ ಕಾಲುವೆಯ ಗಿಡಗಂಟಿ ತೆಗೆಸಿ.

ಮೈಕಿನಲ್ಲಿ ಕೂಗಿದ ಮೇಲೆ

ಇನ್ನು ಮನೆಯೊಳಗೆ ಉಳಿದಿರುವುದು ಎರಡೇ ಕೆಲಸ. ಕೈ ಒಣಗಿರುವಾಗ, ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಇಳಿಸುವುದು, ಬಾಗಿಲು ಹಾಕಿ ಹೊರಡುವುದು. ನೀರು ಒಳಗೆ ಬಂದಾಗಿದ್ದರೆ ಸ್ವಿಚ್ ಹತ್ತಿರ ಹೋಗಬೇಡಿ, 1912ಕ್ಕೆ ಹೇಳಿ ಕರೆಂಟ್ ತೆಗೆಸಿ.

ದಾರಿಯಲ್ಲಿ ಕೋಡಿ ನೀರು ರಸ್ತೆಯ ಮೇಲೆ ಹರಿಯುತ್ತಿದ್ದರೆ ದಾಟಬೇಡಿ. ಅರ್ಧ ಅಡಿ ಹರಿವು ನೀರು ದೊಡ್ಡವರ ಕಾಲನ್ನೇ ಎತ್ತಿ ಹಾಕುತ್ತದೆ, ಒಂದಡಿಗೆ ಸಣ್ಣ ಕಾರು ತೇಲುತ್ತದೆ, ಎರಡಡಿಗೆ ಹೆಚ್ಚುಕಡಿಮೆ ಎಲ್ಲ ಗಾಡಿಗಳೂ. ಮೇಲಾಗಿ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ. ಬೈಕು ತಳ್ಳಿಕೊಂಡು ದಾಟುವ ಹುಡುಗರಿಗೆ ಮನೆಯವರೇ ಗದರಿ ಹೇಳಬೇಕು.

ನೀರು ಇಳಿದ ಮೇಲೆ

ಒಳಗೆ ಹೋಗುವ ಮುನ್ನ ಮನೆಯನ್ನು ಒಂದು ಸುತ್ತು ಹಾಕಿ. ಗೋಡೆ ಉಬ್ಬಿದ್ದರೆ, ಮೂಲೆಯಲ್ಲಿ ಸೀಳಿದ್ದರೆ ಒಳಗೆ ಹೋಗಬೇಡಿ. ಹೋಗುವುದಾದರೆ ಉದ್ದನೆಯ ಕೋಲು, ಬೂಟು. ಒಣ ಜಾಗ ಹುಡುಕಿ ಬಂದ ಹಾವು ಮೂಟೆಗಳ ಸಂದಿಯಲ್ಲಿ, ಬಟ್ಟೆ ಗುಡ್ಡೆಯಲ್ಲಿ ಇರುತ್ತದೆ. ಕಾಲಲ್ಲಿ ಗಾಯ ಇದ್ದವರು ಆ ಕೆಸರಿಗೆ ಇಳಿಯದಿರಿ, ಇಲಿಜ್ವರ ಹಿಡಿಯುವುದು ಹಾಗೆಯೇ. ಮುಂದಿನ ಒಂದು ತಿಂಗಳೊಳಗೆ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ನೀರಿನಲ್ಲಿ ಓಡಾಡಿದ್ದನ್ನು ಹೇಳಿ.

ಗುಡಿಸುವ ಆತುರ ಬೇಡ, ಮೊದಲು ಫೋಟೊ. ಗೋಡೆಯ ಮೇಲಿನ ನೀರಿನ ಗುರುತು, ಒದ್ದೆ ಮೂಟೆ, ಬಿದ್ದ ಗೋಡೆ ಎಲ್ಲವನ್ನೂ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಮಹಜರು ಆಗುವಂತೆ ನೋಡಿಕೊಳ್ಳಿ. ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ, ಪರಿಹಾರ ಅದರ ಮೇಲೆ. ಯಾವ ವರ್ಗ ಬರೆದರು ಎಂದು ಅಲ್ಲೇ ಕೇಳಿ ತಿಳಿಯಿರಿ. ಬೆಳೆ ವಿಮೆ ಇದ್ದವರಿಗೆ 72 ಗಂಟೆಯ ಗಡುವಿದೆ, ಅಷ್ಟರೊಳಗೆ 14447ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆಗೂ ಕೊಯ್ಲಿನಿಂದ 14 ದಿನದವರೆಗೆ ಅವಕಾಶವಿದೆ. ಇದು ಗೊತ್ತಿಲ್ಲದೆ ಸುಮ್ಮನಾದವರು ನಮ್ಮೂರಲ್ಲೇ ಇದ್ದರು.

ನೀರು ಹೊಕ್ಕ ಬೈಕಿಗೆ ಕಿಕ್ ಹೊಡೆಯಬೇಡಿ, ಕಾರಿನ ಕೀ ತಿರುಗಿಸಬೇಡಿ. ಎಂಜಿನ್ ಒಳಗೆ ನೀರಿದ್ದರೆ ಆ ಒಂದು ತಿರುವಿಗೇ ಒಳಗಿನ ಕಡ್ಡಿಗಳು ಬಗ್ಗುತ್ತವೆ. ತಳ್ಳಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಿ. ಫ್ರಿಜ್, ಮೋಟಾರುಗಳನ್ನು ರಿಪೇರಿಯವರು ಬಿಚ್ಚಿ ಒಣಗಿಸುವವರೆಗೆ ಪ್ಲಗ್ಗಿಗೆ ಹಾಕಬೇಡಿ.

ಪ್ರವಾಹದ ನೀರು ಕುಡಿದ ರಾಗಿ, ಅಕ್ಕಿಯನ್ನು ಒಣಗಿಸಿ ತಿನ್ನುವ ಯೋಚನೆ ಬಿಡಿ. ಅಮ್ಮ ಆ ವರ್ಷ ಎರಡು ಮೂಟೆಯನ್ನು ಬಿಸಿಲಿಗೆ ಹರವಿದಳು, ಮೂರನೇ ದಿನಕ್ಕೆ ಬೂಷ್ಟು. ಆ ನೀರಿನಲ್ಲಿ ಕಕ್ಕಸಿನ ನೀರೂ ಇರುತ್ತದೆ. ಸಂಪು, ಬಾವಿಯನ್ನು ಖಾಲಿ ಮಾಡಿ ತೊಳೆದು, ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕಲಸಿ ತಿಳಿ ಹಾಕಿ ಅರ್ಧ ಗಂಟೆ ಬಿಡಿ. ಕುಡಿಯುವುದನ್ನು ಕೊತಕೊತ ಕುದಿಸಿಯೇ ಕುಡಿಯಿರಿ.

ಕೊನೆಗೆ ಫೋಟೊಗಳು. ಒದ್ದೆಯಾಗಿ ಅಂಟಿಕೊಂಡ ಫೋಟೊಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಇಡಬೇಡಿ. ಅಗಲವಾದ ತಟ್ಟೆಯಲ್ಲಿ ತಣ್ಣನೆಯ ಶುದ್ಧ ನೀರು ಹಾಕಿ ಅದರಲ್ಲಿ ಮುಳುಗಿಸಿಡಿ. ಸ್ವಲ್ಪ ಹೊತ್ತಿಗೆ ಒಂದೊಂದೇ ತಾವಾಗಿ ಬಿಡುತ್ತವೆ. ಮುಖ ಮುಟ್ಟದೆ ಅಂಚು ಹಿಡಿದು ತೆಗೆದು, ಚಿತ್ರ ಮೇಲಾಗಿ, ಹಳೆಯ ಪಂಚೆಯ ಮೇಲೆ ನೆರಳಲ್ಲಿ ಆರಹಾಕಿ. ದಾಖಲೆ ಕಾಗದಗಳಿಗೂ ನೆರಳು, ಫ್ಯಾನಿನ ಗಾಳಿಯೇ ಸರಿ. ನಮ್ಮಪ್ಪನ ಮದುವೆಯ ಹದಿನಾಲ್ಕು ಫೋಟೊಗಳಲ್ಲಿ ಆರನ್ನು ನಾವು ಎಳೆದು ಹಾಳು ಮಾಡಿದ ಮೇಲೆ ಪಕ್ಕದ ಮನೆಯ ಅಕ್ಕ ಬಂದು ಇದನ್ನು ಹೇಳಿಕೊಟ್ಟರು. ಉಳಿದ ಎಂಟು ಈಗ ಅಟ್ಟದ ಮೇಲೆ ಸ್ಟೀಲ್ ಡಬ್ಬಿಯಲ್ಲಿವೆ.